ಎಣ್ಣೆ ಮಾವ ಬಿಟ್ಟು ಹೋದದ್ದು

ಸೆಪ್ಟೆಂಬರ್ ಒಂಬತ್ತನೆಯ ತಾರೀಖು ಬೆಳಗ್ಗೆ ಏಳು ಗಂಟೆಗೆ ‘ಸೂಜಿ ದಾರ’ ಗುಂಪಿನ ಸದಸ್ಯರು ನಾನೂರ ಹದಿನೆಂಟು. ಏಳೂಕಾಲಿಗೆ ನಾನೂರ ಹದಿನೇಳು. ಕಳೆದದ್ದು ಒಂದೇ. ಆದರೆ ಆ ಒಂದು ಯಾವುದೆಂದು ಮೊಬೈಲಿನಲ್ಲಿ ನೋಡಿದ ಗುಂಡಿ ಅಕ್ಕನಿಗೆ, ಅಂಗಡಿಯ ಬೀಗ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂಬುದು ಒಂದು ಗಳಿಗೆ ಮರೆತುಹೋಯಿತು.

ಗುಂಪು ದರ್ಜಿಗಳದು, ಹೊಲಿಗೆ ಯಂತ್ರ ರಿಪೇರಿಯವರದು. ಮೊಬೈಲಿನಲ್ಲೇ ಮಾತು, ಮೊಬೈಲಿನಲ್ಲೇ ಸಲಹೆ. ಅಡ್ಮಿನ್ ಗುಂಡಿ ಅಕ್ಕ. ಗುಂಡಿ, ದಾರ, ಸೂಜಿ ಮಾರುವ ಅಂಗಡಿ ಅವಳದಾದ್ದರಿಂದ ಆ ಹೆಸರು ಬಂತು. ಹೊಸ ಸರಕು ಬಂದಾಗ ತಿಳಿಸಲೆಂದು ಗಿರಾಕಿಗಳ ನಂಬರುಗಳನ್ನು ಒಟ್ಟುಮಾಡಿದ್ದಳು. ಅದು ಬೆಳೆದು ಗುಂಪಾಯಿತು. ನಿಯಮಗಳು ಮೂರು. ಶುಭೋದಯ ಹಾಕಕೂಡದು. ಶನಿವಾರ ಬಿಟ್ಟು ಬೇರೆ ದಿನ ಮಾರಾಟದ ಮಾತು ಕೂಡದು. ಜಗಳ ಯಾವ ದಿನವೂ ಕೂಡದು. ಒಮ್ಮೆ ತಪ್ಪಿದವರಿಗೆ ಎಚ್ಚರಿಕೆ, ಎರಡನೆಯ ಸಲ ಹೊರಗೆ. ಗುಲಾಬಿ ಹೂವಿನ ಶುಭೋದಯ ಎರಡು ಸಲ ಹಾಕಿದ್ದಕ್ಕೆ ಕಟ್ಟಿಕೊಂಡ ಗಂಡನನ್ನೇ ಹೊರಗೆ ಹಾಕಿದ್ದಳು. ಮತ್ತೆ ಸೇರಿಸಿಕೊಳ್ಳಬೇಕೆಂಬ ಅವನ ಅರ್ಜಿ ಎರಡು ವರ್ಷದಿಂದ ಪರಿಶೀಲನೆಯಲ್ಲಿತ್ತು.

ಬರವಣಿಗೆಯಲ್ಲೂ ಅವಳು ಜಿಪುಣಿ. ದಿನಕ್ಕೊಮ್ಮೆ ಗುಂಪಿನಲ್ಲಿ ಒಂದು ಸಾಲು ಹಾಕುವಳು: ‘ಬಂದವರು ಇಬ್ಬರು, ಹೋದವರು ಒಬ್ಬರು, ಉಳಿದವರು ಇಷ್ಟು.’ ಹೆಸರಿಲ್ಲ, ಕಾರಣವಿಲ್ಲ. ಆ ಸಾಲಿನಿಂದ ಯಾರಿಗೂ ಯಾವ ಗೊಂದಲವೂ ಆದದ್ದಿಲ್ಲ.

ಈ ದಿನ ಗುಂಪು ಬಿಟ್ಟವರು ಎಣ್ಣೆ ಮಾವ. ವಯಸ್ಸಿನಲ್ಲೂ ಕಸುಬಿನಲ್ಲೂ ಎಲ್ಲರಿಗಿಂತ ಹಿರಿಯರು. ಹೊಲಿಗೆ ಯಂತ್ರಕ್ಕೆ ಯಾವ ರೋಗ ಬಂದಿದೆಯೆಂದು ಯಾರು ಬರೆದರೂ ಅವರ ಮೊದಲ ಮಾತು, ‘ಎಣ್ಣೆ ಬಿಟ್ಟೆಯಾ?’ ಅದರಿಂದ ಬಂದ ಅಡ್ಡಹೆಸರು. ಹೊಸದಾಗಿ ಸೇರಿದವರು ಬೇರೆ ಎಣ್ಣೆ ಎಂದು ತಿಳಿದು, ‘ಸಂಜೆ ಎಲ್ಲಿ ಸಿಗ್ತೀರಿ ಮಾವ?’ ಎಂದು ಕೇಳುವುದುಂಟು. ಅಂಥವರಿಗೆ ಅವರು ಯಂತ್ರದ ಎಣ್ಣೆ ಡಬ್ಬಿಯ ಚಿತ್ರ ಕಳಿಸಿ ಸುಮ್ಮನಾಗುವರು.

ಅವರು ಏಕೆ ಬಿಟ್ಟರೆಂಬುದು ಗುಂಡಿ ಅಕ್ಕನಿಗೆ ಗೊತ್ತಿತ್ತು. ಅವಳಿಗೊಬ್ಬಳಿಗೇ ಗೊತ್ತಿತ್ತು.

ಹೊಲಿಗೆ ಯಂತ್ರದಲ್ಲಿ ಸೂಜಿ ಕೆಳಗಿಳಿದು ಮೇಲೇಳುವಾಗ ಅಡಿಯಲ್ಲಿರುವ ಶಟಲ್ಲಿನ ಮೊನೆ ಬಂದು ದಾರದ ಕುಣಿಕೆಯನ್ನು ಹಿಡಿಯಬೇಕು. ಸೂಜಿ ಎಷ್ಟು ಎದ್ದಾಗ ಹಿಡಿಯಬೇಕೆಂಬುದೇ ಲೆಕ್ಕ. ಮೊದಲು ಬಂದರೂ ಹೊಲಿಗೆ ತಪ್ಪುತ್ತದೆ, ತಡವಾದರೂ ತಪ್ಪುತ್ತದೆ. ಅಳೆಯುವ ಸಾಧನ ದೊಡ್ಡ ಕಾರ್ಖಾನೆಗಳಲ್ಲಿ ಉಂಟು, ಸಣ್ಣ ಅಂಗಡಿಗಳಲ್ಲಿಲ್ಲ. ಅಂಗಿಯ ಒಂದು ಗುಂಡಿಯ ದಪ್ಪದಷ್ಟು ಎದ್ದಾಗ ಎಂಬುದು ಎಣ್ಣೆ ಮಾವ ಕಂಡುಕೊಂಡ ಉತ್ತರ. ಬಹಳ ಹಿಂದೆ ಒಂದು ಮಧ್ಯಾಹ್ನ ಪೂರ್ತಿ ಅವರು ಗುಂಡಿ ಅಕ್ಕನ ಅಂಗಡಿಯ ಮುಂದೆ ಕೂತು, ಡಬ್ಬಿ ಡಬ್ಬಿ ಗುಂಡಿ ಸುರಿಸಿಕೊಂಡು, ಒಂದೊಂದನ್ನೂ ಸೂಜಿಯ ಕಂಬಿಗೆ ಹಿಡಿದು ನೋಡಿ, ನಾಲ್ಕು ತೂತಿನ ಒಂದು ಬಿಳಿ ಗುಂಡಿಯನ್ನು ಆರಿಸಿಕೊಂಡು ಹೋಗಿದ್ದರು. ಚೆಲ್ಲಿದ್ದನ್ನೆಲ್ಲ ಮತ್ತೆ ಡಬ್ಬಿಗೆ ತುಂಬಿದವಳು ಅವಳೇ.

ನಾಲ್ಕು ದಿನದ ಹಿಂದೆ ಅದೇ ವಿಧಾನವನ್ನು ಮೋಟಾರು ಎಂಬ ಅಡ್ಡಹೆಸರಿನವನು ವಿಡಿಯೋ ಮಾಡಿ ಗುಂಪಿಗೆ ಹಾಕಿದ. ಕಾಲಿನ ಯಂತ್ರಗಳಿಗೆ ಮೋಟಾರು ಕೂಡಿಸುವುದರಲ್ಲಿ ಹೆಸರು ಮಾಡಿದವನು. ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ. ಹಿಂದೆ ಹನ್ನೊಂದು ವರ್ಷ ಎಣ್ಣೆ ಮಾವನ ಕೈಕೆಳಗೆ ಕಲಿತವನು. ವಿಡಿಯೋದ ಮೇಲೆ ಬರೆದಿದ್ದ: ‘ನಾನು ಕಂಡುಹಿಡಿದ ಗುಂಡಿ ಅಳತೆ.’ ಗುಂಪು ಹೊಗಳಿತು. ಕೋಟಿನ ಟೈಲರ್ ಎಂಬಾತ ಅವನನ್ನು ವಿಜ್ಞಾನಿ ಎಂದ.

ಎಣ್ಣೆ ಮಾವ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಗುಂಡಿ ಅಕ್ಕನಿಗೆ ಮಾತ್ರ ಒಂದು ಸಾಲು ಕಳಿಸಿದರು: ‘ಇದು ಯಾರದು ಅಂತ ನಿಂಗೆ ಗೊತ್ತಲ್ಲ ತಾಯಿ.’

ಅವಳು ಉತ್ತರಿಸಿದಳು: ‘ಬಿಡಿ ಮಾವ. ಗುಂಪಲ್ಲಿ ಜಗಳ ಬೇಡ.’

ಬಿಡಿ ಎಂದದ್ದಕ್ಕೆ ಅವರು ಬಿಟ್ಟರು. ನಾಲ್ಕು ದಿನ ಕಾದು, ಗುಂಪನ್ನೇ ಬಿಟ್ಟರು.

ಅಂಗಡಿ ತೆರೆದು ಗುಂಡಿ ಅಕ್ಕ ಮೊಬೈಲು ಹಿಡಿದು ನಿಂತಳು. ‘ಹೋದವರು ಒಬ್ಬರು’ ಎಂದು ಬರೆದಳು, ಅಳಿಸಿದಳು. ಎಣ್ಣೆ ಮಾವ ಒಬ್ಬರು ಎಂಬ ಎಣಿಕೆಯಲ್ಲಿ ಮುಗಿಯುವವರಲ್ಲ. ಮನಸ್ಸಿನಲ್ಲಿ ಚುಚ್ಚುತ್ತಿದ್ದುದೂ ಒಂದಿತ್ತು. ಹಾಗಾಗಿ ಎಂದೂ ಇಲ್ಲದೆ ಈ ದಿನ ಅವಳು ಪದಗಳನ್ನು ಧಾರಾಳವಾಗಿ ಖರ್ಚುಮಾಡಿದಳು: ‘ನಮ್ಮೆಲ್ಲರ ಹಿರಿಯರಾದ ಎಣ್ಣೆ ಮಾವನವರು ಇಂದು ಬೆಳಗ್ಗೆ ಏಳೂಕಾಲಿಗೆ ನಮ್ಮನ್ನು ಬಿಟ್ಟು ಹೋದರು. ಅವರ ಜಾಗ ತುಂಬುವವರು ಯಾರೂ ಇಲ್ಲ. ನಮ್ಮಿಂದ ಅವರ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ. ಅವರಿಗೆ ನೆಮ್ಮದಿ ಸಿಗಲಿ.’

ಗೌರವಕ್ಕೆಂದು ಕೂಡಿಸಿದ ಪ್ರತಿ ಪದವೂ ಅರ್ಥದಿಂದ ಒಂದಿಷ್ಟನ್ನು ಕಳೆಯುತ್ತಿತ್ತು. ಅವಳು ಮತ್ತೊಮ್ಮೆ ಓದಿ ನೋಡಲಿಲ್ಲ. ಕಳಿಸಿ, ಮೊಬೈಲನ್ನು ಚೀಲಕ್ಕೆ ಹಾಕಿ, ಸಗಟು ವ್ಯಾಪಾರಿಯ ಗೋದಾಮಿಗೆ ಹೊರಟಳು. ಗೋದಾಮು ನೆಲಮಾಳಿಗೆಯಲ್ಲಿ, ಅಲ್ಲಿ ಗುಂಡಿಗಳು ಮೂಟೆಯಲ್ಲಿ ಸಿಗುತ್ತವೆ, ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ.

ಸರಕು ಆರಿಸಿ ಮೆಟ್ಟಿಲು ಹತ್ತಿ ಬೀದಿಗೆ ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಚೀಲದೊಳಗೆ ಮೊಬೈಲು ಸಿಕ್ಕಿಬಿದ್ದ ಹಕ್ಕಿಯಂತೆ ಒದ್ದಾಡತೊಡಗಿತು. ತೆಗೆದು ನೋಡಿದಳು. ನೂರರ ಮೇಲೆ ಮೆಸೇಜು. ಬೆರಳು ತಗುಲಿದ್ದು ಎಲ್ಲಕ್ಕಿಂತ ಕೊನೆಯದಕ್ಕೆ.

‘ಹೃದಯಾಘಾತವಂತೆ. ಮಲಗಿದ್ದಲ್ಲೇ.’ ಇದು ಕೋಟಿನ ಟೈಲರ್.

ಅದರ ಮೇಲಿನದು: ‘ನಿನ್ನೆಯಷ್ಟೇ ಮಾತಾಡಿದ್ದೆ. ದನಿ ಕುಗ್ಗಿತ್ತು. ಆಗಲೇ ಅನುಮಾನ ಬಂತು.’

ಅದರ ಮೇಲೆ: ‘ಎಣ್ಣೆ ಮಾವನಂಥ ಬಂಗಾರದ ಮನಸ್ಸು ಇನ್ನು ಹುಟ್ಟುವುದಿಲ್ಲ.’

ಅದರ ಮೇಲೆ ಕೈಮುಗಿದ ಚಿತ್ರಗಳು, ಒಂದರ ಕೆಳಗೊಂದು, ಹತ್ತು ಹದಿನೈದು. ನಡುವೆ ಯಾರೋ ‘ಲೈನಿಂಗ್ ಬಟ್ಟೆ ಅರ್ಧ ಬೆಲೆಗೆ’ ಎಂದು ಹಾಕಿದ್ದ. ಅದರ ಕೆಳಗೂ ಕೈಮುಗಿದಿದ್ದರು.

ಗುಂಡಿ ಅಕ್ಕ ಬೀದಿಯ ಕಂಬ ಹಿಡಿದುಕೊಂಡಳು. ಇನ್ನೂ ಮೇಲಕ್ಕೆ ಓದಲು ಕಣ್ಣು ಒಪ್ಪಲಿಲ್ಲ. ಏಳೂಕಾಲಿಗೆ ಗುಂಪು ಬಿಟ್ಟರು. ಆಮೇಲೆ ಪ್ರಾಣ ಬಿಟ್ಟರು. ಎರಡರ ನಡುವೆ ಇರುವುದು ತನ್ನ ‘ಬಿಡಿ ಮಾವ’ ಎಂಬ ಮಾತು. ಅವಳ ತಲೆ ಕೂಡಿಸಿ ಕಳೆದು ಹೇಗೆ ಲೆಕ್ಕ ಹಾಕಿದರೂ ಬರುತ್ತಿದ್ದ ಉತ್ತರ ಒಂದೇ.

ಬಸ್ಸು ಹತ್ತಿದಳು. ಟಿಕೆಟಿಗೆ ಕೈ ಚಾಚಿದ ಕಂಡಕ್ಟರನ ಅಂಗೈಗೆ ಚೀಲದಿಂದ ತೆಗೆದದ್ದನ್ನು ಇಟ್ಟಳು.

‘ಅಕ್ಕ, ಇದಕ್ಕೆ ನಾಲ್ಕು ತೂತಿದೆ’ ಅಂದ ಕಂಡಕ್ಟರ್. ‘ನಮ್ಮಲ್ಲಿ ತೂತಿಲ್ಲದ್ದೇ ನಡೆಯೋದು.’

ಅವಳು ಅವನ ಮುಖ ನೋಡಿದಳು. ಆ ಮುಖ ಕಂಡು ಅವನು ಮುಂದೆ ಏನೂ ಕೇಳದೆ ಗುಂಡಿ ಹಿಂದಕ್ಕೆ ಕೊಟ್ಟು ಟಿಕೆಟು ಹರಿದ.

ಎಣ್ಣೆ ಮಾವನ ಮನೆ ಒಂದು ಕಿರಿದಾದ ಬೀದಿಯಲ್ಲಿ, ಎರಡನೆಯ ಮಹಡಿ. ಮುಂದಿನ ಕೋಣೆಯೇ ಕೆಲಸದ ಕೋಣೆ. ಮೆಟ್ಟಿಲ ಕೊನೆಯಲ್ಲಿ ಅತ್ತೆ, ಎಂದರೆ ಮಾವನ ಹೆಂಡತಿ, ಕಾಲೊರಸುವ ಚಾಪೆಯನ್ನು ಕಟಕಟೆಗೆ ಬಡಿದು ಧೂಳು ಕೊಡವುತ್ತಿದ್ದಳು. ಗುಂಡಿ ಅಕ್ಕ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

‘ಅತ್ತೆ, ಧೈರ್ಯ ತಗೋಳಿ.’

‘ಯಾತಕ್ಕೆ?’

‘ನಾನು ಈಗ ತಾನೆ ನೋಡ್ದೆ. ಕೈಕಾಲೇ ಆಡ್ತಿಲ್ಲ. ಮಾವ ಎಲ್ಲಿದ್ದಾರೆ?’

‘ಒಳಗೆ.’

‘ಒಳಗೇ ಮಲಗಿಸಿದ್ದೀರಾ?’

‘ಅವರನ್ನ ಯಾರು ಮಲಗಿಸೋಕಾಗುತ್ತೆ? ಬೆಳಗ್ಗೆಯಿಂದ ಮುಖ ಊದಿಸ್ಕೊಂಡು ಕೂತಿದಾರೆ. ಟೀ ಕೊಟ್ರೆ ಬೇಡ, ತಿಂಡಿ ಕೊಟ್ರೆ ಬೇಡ. ನೀನಾದ್ರೂ ಹೇಳು ಹೋಗು.’

ಗುಂಡಿ ಅಕ್ಕ ಕೈ ಬಿಟ್ಟಳು. ಅತ್ತೆಗೆ ಬುದ್ಧಿ ಭ್ರಮಣೆಯಾಗಿದೆ ಎಂಬುದು ಅವಳಿಗೆ ತಕ್ಷಣ ತೋಚಿದ ವಿವರಣೆ. ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಒಳಗೆ ಹೋದಳು.

ಎಣ್ಣೆ ಮಾವ ಬಿಚ್ಚಿದ ಯಂತ್ರವೊಂದರ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಎರಡು ತುಟಿಗಳ ನಡುವೆ ಒಂದು ಸ್ಕ್ರೂ ಇತ್ತು. ಅವಳನ್ನು ನೋಡಿದರು, ಸ್ಕ್ರೂ ಇದ್ದುದರಿಂದ ಮಾತಾಡಲಿಲ್ಲ. ಮಾತಾಡದ ಆ ಮುಖವನ್ನು ನೋಡಿ ಗುಂಡಿ ಅಕ್ಕ ಗೋಡೆಗೆ ಬೆನ್ನು ಒರಗಿಸಿ, ಜಾರಿ, ಚಿಂದಿ ಬಟ್ಟೆಯ ಗಂಟಿನ ಮೇಲೆ ಕುಸಿದಳು.

ಮಾವ ಸ್ಕ್ರೂ ತೆಗೆದರು. ‘ಏನಾಯ್ತು?’

‘ಮಾವ, ನೀವು ಇದ್ದೀರಾ?’

‘ಇಲ್ದೆ ಎಲ್ಲಿಗೆ ಹೋಗ್ಲಿ? ಗುಂಪು ಬಿಟ್ಟೆ. ಊರು ಬಿಟ್ಟಿಲ್ಲ.’

ಅವಳು ಮೊಬೈಲನ್ನೇ ಚಾಚಿದಳು. ಮಾವ ಕನ್ನಡಕ ಹಾಕಿಕೊಂಡು ಓದತೊಡಗಿದರು. ಅತ್ತೆ ಚಾಪೆ ಹಿಡಿದುಕೊಂಡೇ ಬಂದು ಹಿಂದೆ ನಿಂತಳು. ತಾನು ಸತ್ತ ಸುದ್ದಿಯನ್ನು ಮನುಷ್ಯ ಯಾವ ಮುಖದಿಂದ ಓದಬೇಕೆಂಬುದಕ್ಕೆ ರೂಢಿ ಇಲ್ಲ. ಎಣ್ಣೆ ಮಾವ ಅದನ್ನು ತಪ್ಪು ಬಿಲ್ಲು ಓದುವ ಮುಖದಿಂದ ಓದಿದರು.

‘ಹೃದಯಾಘಾತ ಅಂತಿದಾನೆ ಕೋಟಿನ ಟೈಲರ್. ಅವನಿಗೆ ಯಾರು ಹೇಳಿದ್ರು?’

‘ಗೊತ್ತಿಲ್ಲ ಮಾವ.’

‘ಇವನಿಗೆ ನಿನ್ನೆ ನನ್ನ ದನಿ ಕುಗ್ಗಿದ್ದು ಕೇಳಿಸ್ತಂತೆ. ಇವನು ನಂಗೆ ಫೋನ್ ಮಾಡಿ ವರ್ಷ ಆಗಿದೆ.’

‘ಬಂಗಾರದ ಮನಸ್ಸು ಅಂತ ಬರ್ದಿದೆಯಲ್ಲ, ಅದು ಯಾರದು?’ ಅಂದಳು ಅತ್ತೆ.

‘ನಂದು.’

‘ಬೇರೆ ಎಣ್ಣೆ ಮಾವ ಇರ್ಬೇಕು. ಸರಿಯಾಗಿ ನೋಡಿ.’

ಆದರೆ ಹಾಗೆಂದವಳು ಚಾಪೆಯನ್ನು ಕೆಳಗೆ ಬಿಟ್ಟು ಅವರ ಹೆಗಲ ಮೇಲೆ ಕೈ ಇಟ್ಟಳು.

‘ನನ್ನ ಕೊಂದವರು ಯಾರು ನೋಡೋಣ’ ಎಂದು ಮಾವ ಬೆರಳಿನಿಂದ ಮೆಸೇಜುಗಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ತಳ್ಳುತ್ತ ಹೋದರು. ಒಂದು ಕಡೆ ನಿಂತರು. ಗಟ್ಟಿಯಾಗಿ ಓದಿದರು: ‘ನಮ್ಮೆಲ್ಲರ ಹಿರಿಯರಾದ ಎಣ್ಣೆ ಮಾವನವರು ಇಂದು ಬೆಳಗ್ಗೆ ಏಳೂಕಾಲಿಗೆ ನಮ್ಮನ್ನು ಬಿಟ್ಟು ಹೋದರು.’ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ‘ಇದು ನಿಂದು ತಾಯಿ.’

ಗುಂಡಿ ಅಕ್ಕ ಮೊಬೈಲು ಕಿತ್ತುಕೊಂಡು ಓದಿದಳು. ತಾನೇ ಬರೆದ ನಾಲ್ಕು ವಾಕ್ಯ, ಈಗ ಮೊದಲ ಸಲ ಓದಿದ ಹಾಗಿತ್ತು. ಗುಂಪು ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಅಷ್ಟೊಂದು ಪದ ಸುರಿದವಳು ಬೇಕಾದ ಒಂದನ್ನೇ ಬಿಟ್ಟಿದ್ದಳು. ಕೊನೆಯ ವಾಕ್ಯದಲ್ಲಿ ನೆಮ್ಮದಿಯನ್ನು ಬೇರೆ ಕೋರಿದ್ದಳು. ತಾನು ಹಚ್ಚಿದ ಬೆಂಕಿಯ ಹೊಗೆ ಕಂಡು ತಾನೇ ಬಾಯಿ ಬಡಿದುಕೊಂಡು ಓಡಿಬಂದಿದ್ದಳು.

‘ಅಯ್ಯೋ ಮಾವ’ ಎಂದಷ್ಟೇ ಅಂದಳು. ‘ಈಗಲೇ ಸರಿಮಾಡ್ತೀನಿ.’

‘ಎಣ್ಣೆ ಮಾವ ಬದುಕಿ’ ಎಂಬಲ್ಲಿಯವರೆಗೆ ಬರೆದಿದ್ದಳು. ಮಾವ ಅವಳ ಮಣಿಕಟ್ಟು ಹಿಡಿದರು.

‘ತಡಿ. ಇದನ್ನ ಓದು.’

ಅವರ ಇನ್ನೊಂದು ಕೈಯ ಬೆರಳು ಪರದೆಯ ಮೇಲಿತ್ತು. ಬರೆದವನು ಮೋಟಾರು. ಸಮಯ ಹತ್ತೂಮುಕ್ಕಾಲು. ‘ಗುಂಡಿ ಅಳತೆ ನನ್ನದಲ್ಲ. ಯಜಮಾನರದು. ಅವರ ಹತ್ತಿರ ಕಲಿತದ್ದನ್ನು ನಾನು ಕಂಡುಹಿಡಿದೆ ಎಂದು ತೋರಿಸಿದೆ. ಅವರು ಇದ್ದಾಗ ಬಾಯಿ ಬರಲಿಲ್ಲ. ಈಗ ಹೇಳಿ ಏನು ಫಲ. ಅಂಗಡಿ ಮುಚ್ಚಿ ಹೊರಟಿದ್ದೇನೆ.’

ಮಾವ ಅದನ್ನು ಎರಡನೆಯ ಸಲ ಓದಿದರು. ಮೂರನೆಯ ಸಲ ತುಟಿ ಮಾತ್ರ ಅಲುಗಿತು. ಮುದುಕನ ಕಿವಿ ಕೆಂಪಾದದ್ದನ್ನು ಗುಂಡಿ ಅಕ್ಕ ಮೊದಲ ಬಾರಿಗೆ ನೋಡಿದಳು.

‘ಇದನ್ನ ಅವನು ಅಳಿಸ್ಬಹುದಾ?’

‘ಎರಡು ದಿನದೊಳಗೆ ಅಳಿಸ್ಬಹುದು. ಆಮೇಲೆ ಎಲ್ಲರ ಮುಂದಿಂದ ಅಳಿಸೋಕೆ ಅವನಿಗಾಗಲ್ಲ.’

‘ನೀನು ಅಡ್ಮಿನ್. ಅಳಿಸದ ಹಾಗೆ ನೀನು ತಡೀಬಹುದಲ್ಲ?’

‘ಇಲ್ಲ ಮಾವ. ಅಡ್ಮಿನ್‌ಗೆ ಅಳಿಸೋ ಅಧಿಕಾರ ಇದೆ. ಉಳಿಸೋ ಅಧಿಕಾರ ಇಲ್ಲ.’

ಮಾವ ಬಿಚ್ಚಿದ ಯಂತ್ರವನ್ನು ನೋಡಿದರು. ‘ಹಾಗಾದ್ರೆ ಎರಡು ದಿನ ನಾನು ಸತ್ತಿರ್ತೀನಿ’ ಅಂದರು.

ಗುಂಡಿ ಅಕ್ಕನಿಗೆ ಇದು ಮೊದಲಿನ ಆಘಾತಕ್ಕಿಂತ ದೊಡ್ಡದಾಯಿತು. ಸತ್ತರೆಂದು ನಂಬುವುದು ಒಂದು ಬಗೆ. ಸಾಯುತ್ತೇನೆ, ನೀನು ಸಹಕರಿಸು ಎಂದರೆ ಬೇರೆ ಬಗೆ.

‘ನಾನೂರು ಜನಕ್ಕೆ ಸುಳ್ಳು ಹೇಳು ಅಂತೀರಾ?’

‘ಸುಳ್ಳು ಯಾಕೆ? ಬಿಟ್ಟು ಹೋದ್ರು ಅಂತ ಬರ್ದಿದೀಯ. ಬಿಟ್ಟು ಹೋದದ್ದು ನಿಜ. ಎರಡು ದಿನ ಸುಮ್ನಿರು, ಸಾಕು. ಸುಮ್ನಿರೋದು ನಿಂಗೇನು ಹೊಸದಲ್ಲ.’

ಆ ಕೊನೆಯ ಮಾತು ನೇರವಾಗಿ ಬಂದು ತಾಗಿತು. ಅವಳು ತಲೆ ತಗ್ಗಿಸಿದಳು. ಬರೆಯುತ್ತಿದ್ದುದನ್ನು ಕಳಿಸಲಿಲ್ಲ, ಅಳಿಸಲೂ ಇಲ್ಲ.

‘ನಾನು ಏನು ಮಾಡ್ಲಿ ಎರಡು ದಿನ?’ ಅಂದಳು ಅತ್ತೆ. ‘ಬಾಗಿಲು ಹಾಕ್ಕೊಂಡು ಕೂರ್ಲಾ? ಹಾಲಿನವನಿಗೆ ಒಂದು ಲೀಟರ್ ಹೇಳ್ಲಾ, ಅರ್ಧ ಹೇಳ್ಲಾ?’

‘ಒಂದೇ ಹೇಳು.’

‘ಸತ್ತವರಿಗೂ ಟೀ ಬೇಕೇನು?’

‘ಈಗ ಬೇಕು. ಮಾಡು ಹೋಗು.’

ಅತ್ತೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಯಾರೋ ಓಡಿ ಬರುತ್ತಿರುವ ಸದ್ದು ಕೇಳಿತು. ಮೂವರೂ ಒಬ್ಬರನ್ನೊಬ್ಬರು ನೋಡಿದರು. ಮಾವ ಸ್ಟೂಲಿನಿಂದ ಅರ್ಧ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮತ್ತೆ ಕೂತರು. ಅತ್ತೆ ಕೋಣೆಯ ಬಾಗಿಲನ್ನು ಎಳೆದುಕೊಂಡು ಹೊರಗೆ ಹೋಗಿ ನಿಂತಳು. ಅದು ಪೂರ್ತಿ ಮುಚ್ಚಲಿಲ್ಲ.

ಬಂದವನು ಮೋಟಾರು. ಅವನ ದನಿಯೇ ಗುರುತು ಸಿಗದಷ್ಟು ಒಡೆದಿತ್ತು.

‘ಅತ್ತೆ, ನಾನು ಪಾಪಿ. ಅವರ ವಿದ್ಯೆ ಕದ್ದು ನಂದು ಅಂದೆ.’

ಅತ್ತೆ ಬಾಗಿಲ ಸಂದಿಗೆ ಅಡ್ಡವಾಗಿ ಸರಿದು ನಿಂತಳು.

‘ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ಅತ್ತೆ. ಇವತ್ತು ಹೋಗಿ ಕಾಲು ಹಿಡೀತೀನಿ, ನಾಳೆ ಹೋಗಿ ಹಿಡೀತೀನಿ ಅಂತ ಮುಂದೆ ಹಾಕ್ದೆ. ಇನ್ನು ಯಾರ ಕಾಲು ಹಿಡೀಲಿ? ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೋರು ಅವರು. ನನಗೆ ಅಪ್ಪ ಅಂದ್ರೂ ಅವರೇ.’

ಅವನು ಅಳುತ್ತಿದ್ದ. ಗಂಡಸು ಎದೆಯಿಂದ ಅಳುವಾಗ ಬರುವ ಆ ಒರಟು ಸದ್ದು ಬಾಗಿಲ ಸಂದಿಯಿಂದ ಒಳಗೆ ಬಂತು. ಗುಂಡಿ ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಣ್ಣೆ ಮಾವನ ಕೈಯಲ್ಲಿದ್ದ ಸ್ಕ್ರೂ ನೆಲಕ್ಕೆ ಬಿದ್ದು ಉರುಳಿತು. ಅವರು ಅದನ್ನು ಹುಡುಕಲಿಲ್ಲ. ಎರಡು ದಿನ ಸತ್ತಿರುತ್ತೇನೆಂದ ಮನುಷ್ಯನಿಂದ ಕಾಲು ಗಂಟೆಯೂ ಸತ್ತಿರಲಾಗಲಿಲ್ಲ.

‘ಒಳಗೆ ಬಾರೋ’ ಅಂದರು.

ಹೊರಗಿನ ಅಳು ಕತ್ತರಿಸಿದ ಹಾಗೆ ನಿಂತಿತು. ಆಮೇಲೆ ದಡಬಡ ಎಂಬ ಸದ್ದು. ಮೋಟಾರು ಹಿಂದಕ್ಕೆ ಸರಿದು, ಮೆಟ್ಟಿಲು ತಪ್ಪಿ, ಕಟಕಟೆ ಹಿಡಿದು, ಎರಡು ಮೆಟ್ಟಿಲ ಕೆಳಗೆ ಕೂತುಬಿಟ್ಟಿದ್ದ. ಅತ್ತೆ ಅವನ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆತಂದಳು. ಮುಖ ಸುಣ್ಣದಂತಿತ್ತು. ಮಾವನ ಕಾಲನ್ನು ನೋಡಿದ, ಕೈಯನ್ನು ನೋಡಿದ, ಮುಖವನ್ನು ಕೊನೆಗೆ ನೋಡಿದ.

‘ಯಜಮಾನ್ರೇ.’

‘ಹೂಂ.’

‘ನೀವು ಸತ್ತಿಲ್ವಾ?’

‘ಇಲ್ಲ.’

ಗುಂಡಿ ಅಕ್ಕ ನಡುವೆ ಬಾಯಿ ಹಾಕಿದಳು. ಏಳೂಕಾಲಿನಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು: ಗುಂಪು ಎಂಬ ಪದ ಬಿಟ್ಟುಹೋದದ್ದು, ಗೋದಾಮು, ತಾನೂ ನಂಬಿದ್ದು. ಮೋಟಾರು ತಲೆಯಾಡಿಸುತ್ತ ಕೇಳಿದ. ಮುಖಕ್ಕೆ ಬಣ್ಣ ಬರುತ್ತಿತ್ತು. ಅವನು ಇನ್ನೇನು ನಗುವವನೇ ಇದ್ದ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಪರದೆಯ ಮೇಲೆ ಕಣ್ಣು ಬಿತ್ತು. ‘ಎಣ್ಣೆ ಮಾವ ಬದುಕಿ’ ಎಂದು ಅರ್ಧಕ್ಕೆ ನಿಂತಿತ್ತು.

‘ಇದನ್ನ ಯಾಕೆ ಕಳಿಸಿಲ್ಲ ಅಕ್ಕ?’

ಅವಳು ಮಾವನ ಕಡೆ ನೋಡಿದಳು. ಮಾವ ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

‘ನಾನೇ ಬೇಡ ಅಂದೆ. ಎರಡು ದಿನ ಕಳೀಲಿ, ನೀನು ಬರೆದದ್ದು ಅಳಿಸೋಕಾಗದ ಹಾಗೆ ಆಗ್ಲಿ ಅಂತ.’

ಮೋಟಾರಿನ ಮುಖದಲ್ಲಿ ಬರುತ್ತಿದ್ದ ನಗು ಅಲ್ಲೇ ನಿಂತಿತು.

‘ಅಂದ್ರೆ ಎರಡು ದಿನ ನನ್ನ ಅಳಿಸೋ ಲೆಕ್ಕ ಹಾಕಿದ್ರಿ.’

‘ನೀನು ಅಳ್ತೀಯ ಅಂತ ನಂಗೆ ಗೊತ್ತಿರ್ಲಿಲ್ಲ.’

‘ಗೊತ್ತಿರ್ಲಿಲ್ಲ’ ಎಂದು ಅವನು ಆ ಮಾತನ್ನೇ ಹಿಂದಕ್ಕೆ ಹೇಳಿದ. ‘ಹನ್ನೊಂದು ವರ್ಷ ನಿಮ್ಮ ಹತ್ರ ಇದ್ದೆ ಯಜಮಾನ್ರೇ. ಒಂದು ಸಲ, ಒಂದೇ ಒಂದು ಸಲ, ಚೆನ್ನಾಗಿ ಮಾಡಿದೆ ಅಂದಿದ್ದೀರಾ? ಎಂಥ ಯಂತ್ರ ಸರಿಮಾಡಿ ಮುಂದೆ ಇಟ್ರೂ ಎಣ್ಣೆ ಬಿಟ್ಟೆಯಾ ಅಂತ ಕೇಳಿದ್ರಿ. ಆ ವಿಡಿಯೋಗೆ ಗುಂಪಲ್ಲಿ ಇನ್ನೂರು ಜನ ಭೇಷ್ ಅಂದ್ರು. ನೀವು ಅನ್ಲಿಲ್ಲ. ನಿಮ್ಮ ಹೆಸರು ಹಾಕಿದ್ರೂ ನೀವು ಅಂತಿರ್ಲಿಲ್ಲ.’

‘ಹೆಸರು ಹಾಕಿ ನೋಡ್ಬೇಕಾಗಿತ್ತು.’

‘ತಪ್ಪು ನಂದೇ. ಇಲ್ಲ ಅನ್ನಲ್ಲ. ಅದಕ್ಕೇ ಬರೆದೆ. ಆದ್ರೆ ಬರೆದದ್ದು ಸತ್ತವರಿಗೆ. ಬದುಕಿರೋರು ಅದನ್ನ ಹೊಂಚು ಹಾಕಿ ತಗೊಳ್ಳೋದಾದ್ರೆ, ಕದ್ದೋನು ನಾನೊಬ್ನೇ ಅಲ್ಲ.’

ಅವನು ತನ್ನ ಮೊಬೈಲು ತೆಗೆದ. ಮಾವನ ಕಣ್ಣ ಮುಂದೆಯೇ ಹೆಬ್ಬೆರಳು ಒತ್ತಿ ಹಿಡಿದ. ಗುಂಡಿ ಅಕ್ಕನ ಪರದೆಯ ಮೇಲೆ ಹತ್ತೂಮುಕ್ಕಾಲಿನ ಆ ಸಾಲುಗಳು ಮಾಯವಾದವು. ಅವಿದ್ದ ಜಾಗದಲ್ಲಿ, ಈ ಮೆಸೇಜನ್ನು ಅಳಿಸಲಾಗಿದೆ ಎಂಬ ಬೂದು ಅಕ್ಷರಗಳು ಬಂದವು.

‘ಹೇಳಲ್ಲ ಅಂತಿಲ್ಲ’ ಎಂದ ಮೋಟಾರು ಬಾಗಿಲಲ್ಲಿ ತಿರುಗಿ ನಿಂತು. ‘ಬಾಯಿ ಬಂದಾಗ ಹೇಳ್ತೀನಿ. ಹೀಗಲ್ಲ.’

ಅವನು ಮೆಟ್ಟಿಲಿಳಿದು ಹೋಗುವ ಸದ್ದು ಕೆಳಗಿನವರೆಗೂ ಕೇಳಿಸಿತು. ಬರುವಾಗ ಓಡಿ ಬಂದವನು ಹೋಗುವಾಗ ಓಡಲಿಲ್ಲ.

ಅತ್ತೆ ಟೀ ತಂದಿಟ್ಟಳು. ಎಣ್ಣೆ ಮಾವ ಮುಟ್ಟಲಿಲ್ಲ.

‘ಸರಿಪಡಿಸು ತಾಯಿ’ ಅಂದರು ಕೊನೆಗೆ. ‘ನನ್ನ ಬದುಕಿಸು.’

ಗುಂಡಿ ಅಕ್ಕ ಬರೆದಳು. ಈ ಸಲ ಒಂದೊಂದು ಪದವನ್ನೂ ತೂಗಿದಳು. ‘ಎಣ್ಣೆ ಮಾವ ಬದುಕಿದ್ದಾರೆ. ಬಿಟ್ಟದ್ದು ಗುಂಪನ್ನು ಮಾತ್ರ. ಹಾಗೆ ಬರೆಯದಿದ್ದದ್ದು ನನ್ನ ತಪ್ಪು.’ ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಮುಂದುವರಿಸಿದಳು: ‘ಗುಂಡಿ ಅಳತೆಗೆ ಮೊದಲ ಗುಂಡಿ ಆರಿಸಿದ್ದು ನನ್ನ ಅಂಗಡಿಯಲ್ಲಿ. ಆರಿಸಿದವರು ಎಣ್ಣೆ ಮಾವ. ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕು ದಿನದ ಹಿಂದೆಯೇ ಇದನ್ನು ಹೇಳಬೇಕಾಗಿತ್ತು.’

ಮಾವನಿಗೆ ತೋರಿಸಿದಳು. ಅವರು ಓದಿ ಮೊಬೈಲನ್ನು ಹಿಂದಕ್ಕೆ ಕೊಟ್ಟರು.

‘ಕಳಿಸು. ಇದು ನೀನು ಕೊಡಬೇಕಾದ್ದು, ಕೊಟ್ಟೆ. ಅವನದನ್ನ ನೀನು ಕೊಡೋಕಾಗಲ್ಲ.’

ಕಳಿಸಿದಳು. ಗುಂಪಿನಲ್ಲಿ ಮೆಸೇಜು ಸುರಿಯಿತು. ಅರ್ಧ ದಿನ ಅಂಗಡಿ ಮುಚ್ಚಿದ್ದಕ್ಕೆ ಹೊಣೆ ಯಾರೆಂದು ಒಬ್ಬ ಕೇಳಿದ. ಬದುಕಿದ್ದಕ್ಕೂ ಕೈಮುಗಿದ ಚಿತ್ರಗಳೇ ಬಂದವು. ಕೋಟಿನ ಟೈಲರ್ ಮಾತ್ರ ಒಪ್ಪಲಿಲ್ಲ: ‘ನನಗೆ ಖಚಿತ ಮಾಹಿತಿ ಇದೆ. ಮಲಗಿದ್ದಲ್ಲೇ. ಇನ್ನೊಮ್ಮೆ ವಿಚಾರಿಸಿ.’

‘ಸೇರಿಸು ನನ್ನ’ ಅಂದರು ಮಾವ.

ಸದಸ್ಯರು ಮತ್ತೆ ನಾನೂರ ಹದಿನೆಂಟಾದರು. ಮಾವ ತಮ್ಮ ಹಳೆಯ ಮೊಬೈಲನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದೇ ಬೆರಳಿನಿಂದ, ಅಕ್ಷರಕ್ಕೊಮ್ಮೆ ನಿಂತು, ಬರೆಯತೊಡಗಿದರು. ಕೋಟಿನ ಟೈಲರನಿಗೆ ಉಗಿಯುತ್ತಾರೆಂದು ಗುಂಡಿ ಅಕ್ಕ ಕಾದಳು. ಬಂದದ್ದು ಬೇರೆ.

‘ಮೋಟಾರು ಹಾಕಿದ ವಿಡಿಯೋ ನೋಡಿದೆ. ಹನ್ನೊಂದು ವರ್ಷ ನಾನು ಹೇಳಿಕೊಟ್ಟದ್ದನ್ನು ಮೂರು ನಿಮಿಷದಲ್ಲಿ ನನಗಿಂತ ಸ್ಪಷ್ಟವಾಗಿ ತೋರಿಸಿದ್ದಾನೆ. ಚೆನ್ನಾಗಿ ಮಾಡಿದ್ದಾನೆ.’

ಗುಂಡಿ ಅಕ್ಕ ಅದನ್ನು ಓದಿ ತಲೆ ಎತ್ತಿದಳು. ಮಾವ ಅವಳ ಕಡೆ ನೋಡಲಿಲ್ಲ. ನೆಲದ ಮೇಲೆ ಬಿದ್ದ ಸ್ಕ್ರೂವನ್ನು ಬಗ್ಗಿ ಹುಡುಕುತ್ತಿದ್ದರು. ಆರಿಹೋದ ಟೀಯನ್ನು ಬಿಸಿಮಾಡಲು ಒಯ್ಯುತ್ತಿದ್ದ ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು:

‘ಅವನು ನೋಡಿದ್ನಾ?’

‘ನೋಡಿದ್ದಾನೆ ಅತ್ತೆ’ ಅಂದಳು ಗುಂಡಿ ಅಕ್ಕ, ಮಾವನ ಮೊಬೈಲಿನಲ್ಲಿ ಓದಿದವರ ಪಟ್ಟಿ ನೋಡಿ.

‘ಏನಂದ?’

ಮಾವ ಯಂತ್ರದ ಅಡಿಯಿಂದಲೇ ಉತ್ತರ ಕೊಟ್ಟರು.

‘ನಂದು ಕೊಟ್ಟಾಯ್ತು. ಅವನದು ಬಾಕಿ.’